ಕಾಗೆಕಲ್ಲಿನ ಕಿಟಕಿ

ಕಡಲು ಹಳೆಯ ರಸ್ತೆಯನ್ನು ನುಂಗಿದ ಮೇಲೆ ಕೋಟೆಬೈಲಿನ ಬಂದರನ್ನು ಗುಡ್ಡದ ಬದಿಗೆ ಸರಿಸಿದರು. ಆ ಗುಡ್ಡದ ನೆತ್ತಿಯಲ್ಲಿ ಗಾಜಿನ ಗೋಡೆಯ ಒಂದು ಕೋಣೆ. ಊರವರು ಅದನ್ನು ಕಾವಲು ಕೋಣೆ ಎನ್ನುತ್ತಿದ್ದರು. ಕಡಲಿಗಿಳಿದ ಪ್ರತಿ ದೋಣಿ, ಮೀನು ಸಾಕುವ ಪ್ರತಿ ಪಂಜರ, ಕಡಲಪಾಚಿ ಬೆಳೆಯುವ ಪ್ರತಿ ಹಗ್ಗದ ಸಾಲು ತಾನೆಲ್ಲಿದ್ದೇನೆ, ಹೇಗಿದ್ದೇನೆ ಎಂಬುದನ್ನು ಆ ಕೋಣೆಗೆ ತಿಳಿಸುತ್ತಲೇ ಇರಬೇಕೆಂದು ನಿಯಮವಾಗಿತ್ತು. ಹವೆ ಮೊದಲಿನ ಹಾಗೆ ಮುನ್ಸೂಚನೆ ಕೊಟ್ಟು ಬರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ತಿಳಿಯಾದ ಬೆಳಗು ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿಯಾಗಿಬಿಡುತ್ತಿತ್ತು. ಹಾಗಾಗಿ ಪರದೆಯ ಮುಂದೆ ಯಾವಾಗಲೂ ಯಾರಾದರೂ ಕೂತಿರಲೇಬೇಕಿತ್ತು.

ವಾರಿಜಾ ಕುಂದರ್ ಅಲ್ಲಿ ಬಹಳ ವರ್ಷದಿಂದ ಕೂತವಳು. ಅವಳ ಪರದೆ ಕೋಣೆಯಲ್ಲೆಲ್ಲ ಹೆಸರುವಾಸಿ. ಕಂಪ್ಯೂಟರಿನಲ್ಲಿ ಯಾವ ಕಿಟಕಿ ಎಲ್ಲಿ ತೆರೆಯಬೇಕು, ಎಷ್ಟು ದೊಡ್ಡದಿರಬೇಕು, ಯಾವುದು ಮುಂದೆ ಯಾವುದು ಹಿಂದೆ ಎಂದು ನಿರ್ಧರಿಸುವ ಒಂದು ತಂತ್ರಾಂಶ ಇರುತ್ತದೆ. ವಿಂಡೋ ಮ್ಯಾನೇಜರ್ ಎಂದು ಅದರ ಹೆಸರು. ಹೆಚ್ಚಿನವರು ಅಂಥದ್ದೊಂದು ಇದೆ ಎಂದೇ ತಿಳಿಯದೆ ಕಂಪ್ಯೂಟರ್ ಬಳಸುತ್ತಾರೆ. ಕಾವಲು ಕೋಣೆಯವರಿಗೆ ಮಾತ್ರ ತಮಗೆ ಒಗ್ಗುವುದನ್ನು ಆರಿಸಿಕೊಳ್ಳುವ ಅವಕಾಶವಿತ್ತು. ಪಕ್ಕದ ಕುರ್ಚಿಯ ಫ್ರಾನ್ಸಿಸ್ ಅಲ್ಮೇಡಾರಿಗೆ ಮೇಜಿನ ಮೇಲೆ ಕಾಗದ ಹರಡಿದಂತೆ ಒಂದರ ಮೇಲೊಂದು ಕಿಟಕಿ ಬೀಳುವ ಹಳೇ ಬಗೆಯೇ ಸಾಕು. ವಾರಿಜಾ ಆರಿಸಿಕೊಂಡಿದ್ದು ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಕಿಟಕಿಗಳನ್ನು ಜೋಡಿಸುವ ಬಗೆ. ಅದರಲ್ಲಿ ಒಂದು ಕಿಟಕಿ ಇನ್ನೊಂದನ್ನು ಮುಚ್ಚುವಂತಿಲ್ಲ. ಯಾವುದು ಎಲ್ಲಿರಬೇಕೆಂದು ಅದಕ್ಕೆ ತಿಳಿಸುವ ಕಾನ್ಫಿಗ್ ಫೈಲನ್ನು ಅವಳೇ ಸಾಲು ಸಾಲಾಗಿ ಬರೆದಿದ್ದಳು. ಎಡಕ್ಕೆ ಗಾಳಿ, ಬಲಕ್ಕೆ ಅಲೆ, ನಡುವೆ ನಕ್ಷೆ. ಒಂದು ಕೀಲಿ ಒತ್ತಿದರೆ ತೆಂಕಣ ವಲಯದ ದೋಣಿಗಳು, ಇನ್ನೊಂದು ಒತ್ತಿದರೆ ಪಂಜರಗಳು. ಆಗ ಬಳಸುತ್ತಿರುವ ಕಿಟಕಿಯ ಸುತ್ತ ಕುಂಕುಮ ಬಣ್ಣದ ತೆಳುಗೆರೆ. ಅಂಚು ದಪ್ಪವಾಯಿತು, ಅಕ್ಷರ ಸಣ್ಣದಾಯಿತು ಎಂದು ತಿಂಗಳುಗಟ್ಟಲೆ ತಿದ್ದಿದ್ದಳು. ಮೌಸ್ ಮುಟ್ಟದೆ ಇಡೀ ಕಡಲನ್ನು ತಿರುವಿಹಾಕುತ್ತಾಳೆ ಎಂದು ಅಲ್ಮೇಡಾ ಹೊಸಬರಿಗೆ ಅವಳನ್ನು ಪರಿಚಯಿಸುತ್ತಿದ್ದರು.

ಆ ಜೋಡಣೆಯಲ್ಲಿ ಮೇಲಿನ ಸಾಲಿಗೇ ಕಾಗೆಕಲ್ಲು ವಲಯದ ಕಿಟಕಿ. ತೀರದಿಂದ ಪಡುವಣಕ್ಕೆ ನೀರಿನೊಳಗಿಂದ ಕಪ್ಪಗೆ ತಲೆಯೆತ್ತಿ ನಿಂತ ಬಂಡೆಗಳಿಗೆ ಕಾಗೆಕಲ್ಲು ಎಂದು ಹೆಸರು. ಎರಡು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು ನಿರೀಕ್ಷಾ ಅಲ್ಲಿ ತೀರಿಹೋಗಿದ್ದಳು. ಪಾಚಿ ತೋಟದವರಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ ಅವಳದು. ಹಗ್ಗದ ಸಾಲು ನೋಡಲು ಹೋದ ದೋಣಿ ಮಗುಚಿತ್ತು. ಆ ದಿನ ವಾರಿಜಾ ರಜೆಯಲ್ಲಿದ್ದಳು. ಮತ್ತೆ ಕೆಲಸಕ್ಕೆ ಬಂದಾಗ ಮೇಲಧಿಕಾರಿ ಆ ವಲಯವನ್ನು ಬೇರೆಯವರಿಗೆ ವಹಿಸುತ್ತೇನೆಂದರೂ ಅವಳು ಒಪ್ಪಲಿಲ್ಲ. ಪ್ರತಿ ಪಾಳಿಯ ಮೊದಲಿಗೆ ಹಲ್ಲು ಕಚ್ಚಿಕೊಂಡು ಆ ಕಿಟಕಿಯನ್ನು ನೋಡುತ್ತಿದ್ದಳು. ನೋಡಿದ ಮೇಲೆ ಬುತ್ತಿಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

'ಇಂಗಿತ' ಬಂದದ್ದು ಮೀನುಗಾರಿಕೆಗೆ ರಜೆಯಿರುವ ಮಳೆಗಾಲದಲ್ಲಿ. ಅದೂ ಒಂದು ವಿಂಡೋ ಮ್ಯಾನೇಜರೇ. ಆದರೆ ಅದಕ್ಕೆ ಕಾನ್ಫಿಗ್ ಫೈಲ್ ಬರೆಯಬೇಕಿಲ್ಲ, ಕೀಲಿ ಒತ್ತಬೇಕಿಲ್ಲ. ಪರದೆಯ ಕೆಳಗೆ ಬೆರಳಗಲದ ಒಂದು ಕಪ್ಪು ಪಟ್ಟಿ, ಕೈಗೊಂದು ರಬ್ಬರಿನ ಬಳೆ. ಪಟ್ಟಿಯಲ್ಲಿದ್ದ ಕ್ಯಾಮೆರಾ ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಜಾರುತ್ತದೆ ಎಂದು ನೋಡುತ್ತಿತ್ತು. ಬಳೆ ನಾಡಿ ಎಣಿಸುತ್ತಿತ್ತು. ಎರಡನ್ನೂ ಕೂಡಿಸಿ, ಸುದ್ದಿ ಎಷ್ಟು ತುರ್ತಿನದು ಎಂಬುದನ್ನೂ ಸೇರಿಸಿ, ಇಂಗಿತ ಪ್ರತಿ ಕಿಟಕಿಗೂ ಒಂದು ತೂಕ ಕೊಡುತ್ತಿತ್ತು. ತೂಕ ಹೆಚ್ಚಾದದ್ದು ಮುಂದೆ ಬಂದು ದೊಡ್ಡದಾಗುತ್ತಿತ್ತು, ಕಡಿಮೆಯಾದದ್ದು ಅಂಚಿಗೆ ಸರಿದು ಕೊನೆಗೆ ಮರೆಯಾಗುತ್ತಿತ್ತು.

ಅದನ್ನು ತಂದ ಕಂಪನಿಯ ಎಂಜಿನಿಯರ್ ಗುರುಕಿರಣ ಐತಾಳ, ಕೋಟದ ಕಡೆಯವನು, ಮಿತಭಾಷಿ. ಯಾರನ್ನೂ ಒತ್ತಾಯಿಸುವುದಿಲ್ಲ, ಬೇಡದವರು ಹಳೆಯದನ್ನೇ ಇಟ್ಟುಕೊಳ್ಳಬಹುದು ಎಂದು ಅವನು ಮೊದಲೇ ಹೇಳಿದ. ಅಲ್ಮೇಡಾ ಮರುಮಾತಿಲ್ಲದೆ ಹೊಸದನ್ನು ಒಪ್ಪಿಕೊಂಡರು. ವಾರಿಜಾಳಿಗೆ ತಾನು ಕೈಯಾರೆ ಕಟ್ಟಿದ್ದನ್ನು ಬಿಡಲು ಮನಸ್ಸಿರಲಿಲ್ಲ. ಆದರೆ ಪಾಚಿ ತೋಟಗಳು ಹೆಚ್ಚಿ, ಕಿಟಕಿಗಳೂ ಹೆಚ್ಚಿ, ಅವಳ ಹಾಸಿನ ಒಂದೊಂದು ತುಂಡೂ ಅಂಚೆಚೀಟಿಯಷ್ಟಾಗಿತ್ತು. ಕನ್ನಡಕದ ನಂಬರೂ ಏರಿತ್ತು. ಒಂದು ವಾರ ನೋಡೋಣ ಎಂದು ಬಳೆ ತೊಟ್ಟಳು. ಆ ವಾರದಲ್ಲೇ ಬಡಗಣದಲ್ಲಿ ಹಗ್ಗ ಕಡಿದು ಹೊರಟಿದ್ದ ಒಂದು ಪಂಜರವನ್ನು ಇಂಗಿತ ಅವಳ ಕಣ್ಣೆದುರಿಗೆ ತಂದು ನಿಲ್ಲಿಸಿತು. ಹಳೆಯ ಪರದೆಯಲ್ಲಾದರೆ ಅದು ಕಾಣಲು ಹೊತ್ತಾಗುತ್ತಿತ್ತು. ವಾರ ಮುಗಿದಾಗ ಅವಳೇ ಐತಾಳನನ್ನು ಕರೆದು ಇದೇ ಇರಲಿ ಎಂದಳು.

ಮನೆಯಲ್ಲಿ ಗಂಡ ವಾಮನ ಬದಲಾವಣೆಯನ್ನು ಮೊದಲು ಗಮನಿಸಿದ. ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿಯ ಶೆಡ್ ಅವನದು. ಸಂಜೆ ಕೈಯ ಗ್ರೀಸ್ ಒರೆಸಿಕೊಂಡು ಬರುವಷ್ಟರಲ್ಲಿ ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿರುತ್ತಿತ್ತು. ನಿರೀಕ್ಷಾ ಹೋದಮೇಲೆ ಆ ಮನೆಯಲ್ಲಿ ಊಟವೆಂದರೆ ಹೊಟ್ಟೆಗೊಂದಿಷ್ಟು ತುಂಬುವುದು ಮಾತ್ರವಾಗಿತ್ತು. ಈಗ ವಾರಿಜಾ ಎರಡನೇ ಸಲ ಅನ್ನ ಬಡಿಸಿಕೊಂಡಳು. ರಾತ್ರಿ ಮಗ್ಗುಲು ಬದಲಿಸದೆ ಮಲಗಿದಳು. ನೆರೆಮನೆಯ ಮದುವೆಗೂ ಹೋಗಿಬಂದಳು. ಏನಾಯಿತೆಂದು ಅವನು ಕೇಳಲಿಲ್ಲ. ಮಗಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೇಳಿದರೆ ಮಾತು ಅಲ್ಲಿಗೇ ಹೋಗುತ್ತದೆಂದು ಅವನಿಗೆ ಅಂಜಿಕೆ. ಹೊಸ ಯಂತ್ರದಿಂದ ಕೆಲಸ ಹಗುರವಾಗಿದೆ ಎಂದಷ್ಟೇ ಅವಳು ಹೇಳಿದಳು. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು. ಬೆಳಿಗ್ಗೆ ಹಲ್ಲು ಕಚ್ಚುವುದು ತನಗೆ ಯಾವಾಗ ನಿಂತಿತೆಂದು ಅವಳು ಗಮನಿಸಿರಲಿಲ್ಲ.

ಮಳೆ ಹಿಂದೆಗೆದು ದೋಣಿಗಳು ಮತ್ತೆ ಕಡಲಿಗಿಳಿದವು.

ಹೀಗೆ ಒಂದು ಮಧ್ಯಾಹ್ನ ಬೇಬಿ ಎಂಬ ಹೆಂಗಸು ಕಾವಲು ಕೋಣೆಗೆ ಫೋನ್ ಮಾಡಿದಳು. ಅವಳ ಗಂಡ ಉಮೇಶ ಮತ್ತು ಇನ್ನು ಮೂವರು 'ಜಯದುರ್ಗಾ' ಎಂಬ ಸಣ್ಣ ದೋಣಿಯಲ್ಲಿ ಬೆಳಿಗ್ಗೆ ಹೋಗಿದ್ದರು. ಊಟದ ಹೊತ್ತಿಗೆ ಫೋನ್ ಸಿಗುವಷ್ಟು ಹತ್ತಿರಕ್ಕೆ ಬಂದು ಒಂದು ಮಾತು ಹೇಳುವುದು ಉಮೇಶನ ರೂಢಿ. ಇವತ್ತು ಹೇಳಲಿಲ್ಲ. ಬೇರೇನಿಲ್ಲ, ಗಾಳಿ ಸ್ವಲ್ಪ ಜೋರಾದ ಹಾಗೆ ಕಂಡಿತು, ಅದಕ್ಕೆ ಕೇಳಿದೆ ಎಂದು ಬೇಬಿ ಸಂಕೋಚದಲ್ಲೇ ಹೇಳಿದಳು.

ವಾರಿಜಾ ಪರದೆಯನ್ನು ನೋಡಿದಳು. ಉಡಾಫೆ ಮಾಡಲಿಲ್ಲ, ಎಡದಿಂದ ಬಲಕ್ಕೆ ಪೂರ್ತಿಯಾಗಿಯೇ ನೋಡಿದಳು. ಗಾಳಿಯಿತ್ತು, ಅಲೆಯಿತ್ತು, ಪಂಜರಗಳಿದ್ದವು, ತೆಂಕಣದ ದೋಣಿಗಳಿದ್ದವು. ಅಪಾಯದ ಕೆಂಪು ಗುರುತು ಯಾವುದೂ ಇರಲಿಲ್ಲ. ತೊಂದರೆಯಿದ್ದರೆ ಇಂಗಿತವೇ ಮುಂದೆ ತರುತ್ತದೆಂದು ದೋಣಿಯನ್ನು ಹೆಸರು ಹಿಡಿದು ಹುಡುಕಲಿಲ್ಲ.

"ಎಲ್ಲ ಸರಿ ಉಂಟಮ್ಮ, ಹೆದರ್ಬೇಡಿ. ಏನಾದ್ರೂ ಇದ್ರೆ ಇಲ್ಲಿ ಬಂದೇ ಬರ್ತದೆ," ಎಂದಳು.

ಬೇಬಿ ಉಪಕಾರ ಸ್ಮರಿಸಿ ಫೋನ್ ಇಟ್ಟಳು.

ಇನ್ನಷ್ಟು ಹೊತ್ತು ಕಳೆದ ಮೇಲೆ ಐತಾಳ ತಂತ್ರಾಂಶದ ಏನೋ ಸಣ್ಣ ತಿದ್ದುಪಡಿಗೆಂದು ಬಂದ. ವಾರಿಜಾ ಬಳೆ ಕಳಚಿ ಅವನಿಗೆ ಕೊಟ್ಟು, ಬಾಟಲಿಗೆ ನೀರು ತುಂಬಿಸಲು ಎದ್ದಳು. ಅವನು ಕುರ್ಚಿಯಲ್ಲಿ ಕೂತು ಬಳೆ ತೊಟ್ಟ. ಪಟ್ಟಿಗೆ ಬೇರೆ ಕಣ್ಣು ಸಿಕ್ಕಿದ್ದು ತಿಳಿಯಿತು. ಕಿಟಕಿಗಳೆಲ್ಲ ಒಮ್ಮೆಗೇ ಅಲುಗಾಡಿ ಜಾಗ ಬದಲಿಸಿದವು. ಎಲ್ಲದರ ಹಿಂದಿನಿಂದ ಒಂದು ಕಿಟಕಿ ಎದ್ದು ಪರದೆಯ ನಡುವಿಗೆ ಬಂತು.

"ಮೇಡಂ, ಇದು ಎಂತ?" ಎಂದ ಐತಾಳ. "ಕಾಗೆಕಲ್ಲು. ಜಯದುರ್ಗಾ, ಎಂಜಿನ್ ಬಂದ್, ತೇಲ್ತಾ ಉಂಟು ಅಂತ ಉಂಟು."

ಬಾಟಲಿ ಅಲ್ಲೇ ಬಿತ್ತು. ಸುದ್ದಿ ಬೇಬಿಯ ಫೋನಿಗೂ ಮೊದಲೇ ಬಂದಿತ್ತು. ಕಡಲಿನ ಆ ಭಾಗದಲ್ಲಿ ಫೋನ್ ಸಿಗುವುದಿಲ್ಲ. ದೋಣಿಯವರು ತಾವಿರುವ ಜಾಗ ತಿಳಿಸುವ ಯಂತ್ರದ ಗುಂಡಿ ಒತ್ತಿ ಸುದ್ದಿ ಕಳಿಸಿ, ಬಂದಾರು ಎಂದು ಕಾದಿದ್ದರು. ಎಂಜಿನ್ ನಿಲ್ಲುವುದು ಕಡಲಿನಲ್ಲಿ ದಿನಬೆಳಗಾದರೆ ಆಗುವಂಥದ್ದು. ಎಳೆದು ತರಲು ಇನ್ನೊಂದು ದೋಣಿ ಕಳಿಸಿದರೆ ಮುಗಿಯಿತು. ಹಾಗಾಗಿ ಅದನ್ನು ಮಧ್ಯಮ ತುರ್ತಿನ ಸುದ್ದಿ ಎಂದು ಗುರುತಿಸಿದ್ದರು. ಬಂಡೆಗೆ ತೀರಾ ಹತ್ತಿರವಾದರೆ ಮಾತ್ರ ಕೂಗುಗಂಟೆ ಹೊಡೆಯುತ್ತಿತ್ತು. ಐತಾಳ ನೋಡುತ್ತಿದ್ದಂತೆಯೇ ಆ ಗಂಟೆ ಹೊಡೆಯತೊಡಗಿತು.

ಅಲ್ಮೇಡಾ ಆಗಲೇ ರೇಡಿಯೋ ಕೈಗೆತ್ತಿಕೊಂಡಿದ್ದರು. ರಕ್ಷಣಾ ದೋಣಿ ಹೊರಟಿತು. ಹತ್ತಿರದಲ್ಲಿದ್ದ ಎರಡು ಮೀನು ದೋಣಿಗಳೂ ಬಲೆ ಕಡಿದು ಆ ಕಡೆ ತಿರುಗಿದವು. ವಾರಿಜಾ ಐತಾಳನ ಹೆಗಲ ಹಿಂದೆ ನಿಂತು, ಜಯದುರ್ಗಾದ ಚುಕ್ಕೆ ಬಂಡೆಗಳ ಕಪ್ಪು ಗುರುತಿನ ಮೇಲೆ ಹೋಗಿ ನಿಲ್ಲುವುದನ್ನು ನೋಡಿದಳು. ಮೂವರು ಒಡೆದ ದೋಣಿಯ ಹಲಗೆ ಹಿಡಿದು ಬದುಕಿದರು. ಉಮೇಶನ ತಲೆ ಬಂಡೆಗೆ ಬಡಿದಿತ್ತು. ಅವನನ್ನು ದಡಕ್ಕೆ ತಂದಾಗ ಜೀವವಿರಲಿಲ್ಲ.

ವಿಚಾರಣೆಗೆ ಮುನ್ನ ಐತಾಳ ಒಂದು ಪರೀಕ್ಷೆ ಮಾಡಬೇಕೆಂದ. ವಾರಿಜಾ ಮತ್ತೆ ಆ ಕುರ್ಚಿಯಲ್ಲಿ ಕೂತಳು. ಅಲ್ಮೇಡಾ ಪಕ್ಕದಲ್ಲಿ ನಿಂತರು. ಹಳೆಯ ಒಂದು ದಿನದ ಸುದ್ದಿಗಳನ್ನೇ ಐತಾಳ ಮತ್ತೆ ಹರಿಯಬಿಟ್ಟ. ಕಾಗೆಕಲ್ಲಿನ ಕಿಟಕಿ ಮೇಲಿನ ಸಾಲಿನಲ್ಲಿ ತೆರೆದುಕೊಂಡಿತು. ವಾರಿಜಾ ಅದನ್ನೇ ನೋಡುತ್ತೇನೆಂದು ಗಟ್ಟಿ ಮನಸ್ಸು ಮಾಡಿದ್ದಳು. ಆದರೂ ಕಣ್ಣು ತನ್ನಷ್ಟಕ್ಕೆ ನಕ್ಷೆಯ ಕಡೆ ಹೊರಳಿತು. ಮತ್ತೆ ತಂದು ನಿಲ್ಲಿಸಿದಳು, ಮತ್ತೆ ಹೊರಳಿತು. ಪ್ರತಿ ಸಲವೂ ಕಿಟಕಿ ಚೂರು ಚಿಕ್ಕದಾಯಿತು, ಚೂರು ಬದಿಗೆ ಸರಿಯಿತು. ಯಾರೋ ನೋವಾಗದ ಹಾಗೆ ಮೆಲ್ಲಗೆ ಬಾಗಿಲು ಮುಚ್ಚುತ್ತಿದ್ದಂತಿತ್ತು. ಕೊನೆಗೆ ಅದು ಗಾಳಿಯ ಕಿಟಕಿಯ ಹಿಂದೆ ಮರೆಯಾಯಿತು. ಆ ಗಳಿಗೆಯಲ್ಲಿ ಅವಳ ಎದೆಯ ಬಿಗಿ ಸಡಿಲಿತು. ಆ ನಿರಾಳ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಇಷ್ಟು ದಿನ ಹೊಟ್ಟೆ ತುಂಬ ಉಂಡದ್ದು, ನಿದ್ದೆ ಮಾಡಿದ್ದು ಅದರಿಂದಲೇ ಎಂದು ಆಗ ತಿಳಿಯಿತು.

ಐತಾಳ ಹರಿಯುತ್ತಿದ್ದ ಸುದ್ದಿಗಳನ್ನು ನಿಲ್ಲಿಸಿದ. ಆಮೇಲೆ ತಲೆ ತಗ್ಗಿಸಿಯೇ ವಿವರಿಸಿದ. ಇಂಗಿತವನ್ನು ರೂಪಿಸುವಾಗ ಅವರು ಸಾವಿರಾರು ಜನರ ಕಣ್ಣನ್ನು ಪರೀಕ್ಷಿಸಿದ್ದರು. ಜಾಹೀರಾತು ಬಂದರೆ, ಬೇಡದ ಸುದ್ದಿ ಬಂದರೆ ಕಣ್ಣು ಹೀಗೇ ಜಾರುತ್ತದೆ, ನಾಡಿ ಹೀಗೇ ಏರುತ್ತದೆ. ಅಂಥದ್ದನ್ನು ಮರೆ ಮಾಡಿದರೆ ಜನರಿಗೆ ಸಮಾಧಾನ. ನೋಡಬೇಕಿಲ್ಲದ್ದಕ್ಕೂ ನೋಡಲಾಗದ್ದಕ್ಕೂ ಕಣ್ಣು ಒಂದೇ ರೀತಿ ಜಾರೀತು ಎಂದು ಯಾರಿಗೂ ಹೊಳೆದಿರಲಿಲ್ಲ.

"ನಿಮ್ಮ ಮಗಳ ವಿಷಯ ನಂಗೆ ಯಾರೂ ಹೇಳ್ಲಿಲ್ಲ ಮೇಡಂ," ಎಂದ. ದೂರುವ ದನಿಯಲ್ಲ ಅದು. ತನಗೆ ತಾನೇ ಹೇಳಿಕೊಂಡಂತಿತ್ತು.

ಅಂದು ಸಂಜೆ ವಾಮನ ಶೆಡ್ಡಿನಿಂದ ಬಂದಾಗ ಒಲೆ ತಣ್ಣಗಿತ್ತು. ವಾರಿಜಾ ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ತಾನು ಬೇಬಿಗೆ ಹೇಳಿದ ಮಾತನ್ನೂ ಮುಚ್ಚಿಡಲಿಲ್ಲ. ಅವನು ಕಂಬಕ್ಕೊರಗಿ ಕೇಳಿದ.

"ಆ ಮಷೀನಿಗೆ ನಾನು ಮನಸ್ಸಲ್ಲೇ ಕೈ ಮುಗ್ದಿದ್ದೆ," ಎಂದ. "ನೀನು ಉಣ್ಣಲಿಕ್ಕೆ ಶುರು ಮಾಡಿದ್ದು ನೋಡಿ."

"ನಂಗೆ ಹಿತ ಆದದ್ದಕ್ಕೆ ಅವಳ ಗಂಡ ಹೋದ."

ವಾಮನ ಎದ್ದು ಒಳಗೆ ಹೋದ. ಮುಚ್ಚಿದ್ದ ಕೋಣೆಯ ಬಾಗಿಲಿನ ಚಿಲಕ ತೆಗೆದ ಸದ್ದು ಕೇಳಿಸಿತು. ನಿರೀಕ್ಷಾಳ ಕೋಣೆ. ಅವನು ಹೊರಗೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತ.

"ಮಷೀನನ್ನು ಮಾತ್ರ ಬೈದು ಎಂತ ಪ್ರಯೋಜನ ವಾರಿಜಾ? ಎರಡು ವರ್ಷ ಆಯ್ತು, ಮಗುವಿನ ಹೆಸರು ನಾನೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ನಾವು ಮಾಡಿದ್ದನ್ನೇ ಅದೂ ಮಾಡಿದ್ದು."

ಆಮೇಲೆ ಅವನೇ ಶುರು ಮಾಡಿದ. ನಿರೀಕ್ಷಾ ಚಿಕ್ಕವಳಿದ್ದಾಗ ಶೆಡ್ಡಿಗೆ ಬಂದು ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಇಡುತ್ತಿದ್ದದ್ದು, ಕಾಲೇಜಿನಿಂದ ಬರುವಾಗ ಸೀಸೆಗಳಲ್ಲಿ ಕಡಲ ನೀರು ತುಂಬಿ ತಂದು ಅಡಿಗೆಮನೆಯ ಕಟ್ಟೆಯಲ್ಲಿಟ್ಟು ಬೈಸಿಕೊಂಡದ್ದು. ಹೇಳುತ್ತ ಹೇಳುತ್ತ ಅವನು ನಡುವೆಯೇ ನಿಲ್ಲಿಸಿದ. ಉಳಿದದ್ದನ್ನು ವಾರಿಜಾ ಹೇಳಿದಳು. ಇಬ್ಬರೂ ಅತ್ತರು. ಮಗಳ ಸಾವಿನ ದಿನವೂ ಅವರು ಒಟ್ಟಿಗೆ ಕೂತು ಹೀಗೆ ಅತ್ತಿರಲಿಲ್ಲ.

ಮರುದಿನ ವಾರಿಜಾ ಬೇಬಿಯ ಮನೆಗೆ ಹೋದಳು. ಬಂದವರೆಲ್ಲ ಹಿಂತಿರುಗಿ, ಅಂಗಳದಲ್ಲಿ ಹಾಕಿದ್ದ ಕುರ್ಚಿಗಳು ಮಾತ್ರ ಉಳಿದಿದ್ದವು. ಬೇಬಿ ಅವಳನ್ನು ಒಳಗೆ ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತು ಒಂದೇ ಮಾತು ಕೇಳಿದಳು.

"ಅಕ್ಕ, ನೀವು ಅವತ್ತು ನೋಡಿ ಹೇಳಿದ್ದಾ, ಸುಮ್ಮನೆ ಹೇಳಿದ್ದಾ?"

"ನೋಡಿಯೇ ಹೇಳಿದ್ದು," ಎಂದಳು ವಾರಿಜಾ. "ನಂಗೆ ಅದು ಕಾಣ್ಲಿಲ್ಲ. ಯಾಕೆ ಅಂತ ಹೇಳ್ಲಿಕ್ಕೆ ಬಂದದ್ದು."

ಅಂಗಳದ ಕುರ್ಚಿಯಲ್ಲಿ ಕೂತು ಅವಳು ಮಗಳಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಬೇಬಿ ನಿಂತೇ ಕೇಳಿದಳು. ಮುಗಿದ ಮೇಲೆ ಒಳಗೆ ಹೋದಳು. ವಾರಿಜಾ ಸ್ವಲ್ಪ ಹೊತ್ತು ಕಾದು ಎದ್ದು ಬಂದಳು. ಕ್ಷಮೆ ಸಿಕ್ಕೀತೆಂದು ಅವಳು ಹೋಗಿರಲಿಲ್ಲ. ಸಿಗಲೂ ಇಲ್ಲ.

ವಿಚಾರಣೆಯಲ್ಲಿ ಅಧಿಕಾರಿಗಳು ಇಂಗಿತವನ್ನು ಕಿತ್ತೆಸೆಯುವ ಮಾತಾಡಿದರು. ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ ವಾರಿಜಾ ಬೇಡವೆಂದಳು. ಅದರಿಂದ ಮೊದಲೇ ಗೊತ್ತಾಗಿ ತಪ್ಪಿದ ಅಪಾಯಗಳನ್ನು ಒಂದೊಂದಾಗಿ ನೆನಪಿಸಿದಳು. ಇಷ್ಟು ಕಿಟಕಿಗಳನ್ನು ಹಳೇ ಬಗೆಯಲ್ಲಿ ಯಾರೊಬ್ಬರೂ ನೋಡಿ ಮುಗಿಸಲಾರರು. ಆದರೆ ಕೆಲವು ಕಿಟಕಿಗಳನ್ನು ಅದು ಅಲುಗಿಸದಂತೆ ಮೊಳೆ ಹೊಡೆದು ಕೂರಿಸಬೇಕು. ಯಾವುದನ್ನು ಎಂದು ಅಲ್ಲಿ ಕೂರುವವರು ಆರಿಸಬಾರದು, ಇನ್ನೊಬ್ಬರು ಆರಿಸಬೇಕು. ತನಗೆ ಏನು ಕಾಣುತ್ತಿಲ್ಲ ಎಂಬುದು ತನಗೇ ಹೇಗೆ ಗೊತ್ತಾಗಬೇಕು ಎಂದು ಅವಳು ಕೇಳಿದಳು. ಅಧಿಕಾರಿಗಳಲ್ಲಿ ಹಿರಿಯರೊಬ್ಬರು, ಆ ವಲಯವನ್ನೇ ಬೇರೆಯವರಿಗೆ ಕೊಡಬಾರದೇಕೆ ಎಂದರು. ಕೊಡುವುದಾದರೆ ಕೊಡಿ, ತನಗೆ ಶಿಕ್ಷೆಯಾಗಬೇಕಿದ್ದರೂ ಆಗಲಿ, ಆದರೆ ನಾಳೆ ಅಲ್ಲಿ ಕೂರುವವರಿಗೂ ಇಂಥದ್ದೇನಾದರೂ ಇರುತ್ತದೆ ಎಂದಳು. ಅವಳಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ವಲಯ ಅವಳಲ್ಲೇ ಉಳಿಯಿತು. ಐತಾಳ ತಿಂಗಳುಗಟ್ಟಲೆ ಕೋಟೆಬೈಲಿನಲ್ಲೇ ಇದ್ದು ಇಂಗಿತಕ್ಕೆ ಹೊಸದೊಂದು ಕಾನ್ಫಿಗ್ ಫೈಲ್ ಸೇರಿಸಿದ. ಅದನ್ನು ತೆರೆಯಲು ಆ ಕುರ್ಚಿಯವರ ಬೆರಳಚ್ಚು ನಡೆಯುತ್ತಿರಲಿಲ್ಲ, ಪಕ್ಕದ ಕುರ್ಚಿಯವರದೇ ಬೇಕಿತ್ತು.

ಅಲ್ಮೇಡಾ ವಾರಿಜಾಳ ಫೈಲಿನಲ್ಲಿ ಮೊದಲ ಸಾಲು ಬರೆದರು. ಕಾಗೆಕಲ್ಲಿನ ಕಿಟಕಿ ಪರದೆಯ ನಡುವೆ ಕೂತಿತು. ಆಮೇಲೆ ತಮ್ಮದನ್ನು ನೋಡೆಂದರು. ತಮಗೇನೂ ಅಂಥದ್ದಿಲ್ಲ ಎಂದು ನಕ್ಕರು. ವಾರಿಜಾ ಒಂದು ದಿನವಿಡೀ ಅವರ ಹಿಂದೆ ಕೂತು ಪರದೆ ಗಮನಿಸಿದಳು. ಸಂಜೆಯ ಹೊತ್ತಿಗೆ ಅವಳಿಗೆ ಗೊತ್ತಾಯಿತು. ಕಡಲಿನಿಂದ ಕಾಯಿಲೆಯ ಕರೆ ಬಂದರೆ ಆಸ್ಪತ್ರೆಯ ವೈದ್ಯರೊಂದಿಗೆ ಸಂಪರ್ಕ ಕೊಡುವ ಕಿಟಕಿ ಅವರ ಪರದೆಯಲ್ಲಿ ಯಾವಾಗಲೂ ತುದಿಯಲ್ಲಿರುತ್ತಿತ್ತು. ಅದನ್ನು ಮೇಲಕ್ಕೆ ತಂದು ಮೊಳೆ ಹೊಡೆದಳು. ಅಲ್ಮೇಡಾರ ನಗು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡು, ಇರಲಿ ಬಿಡು ಎಂದರು. ಯಾಕೆಂದು ಅವಳು ಕೇಳಲಿಲ್ಲ.

ಮೊದಮೊದಲು ವಾರಿಜಾಳಿಗೆ ಪಾಳಿ ಮುಗಿಯುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಕಣ್ಣು ಜಾರಿದರೂ ಕಿಟಕಿ ಜಾರುತ್ತಿರಲಿಲ್ಲ. ಅಲ್ಲಿ ಹಗ್ಗದ ಸಾಲುಗಳಿದ್ದವು, ಅವುಗಳ ನಡುವೆ ಓಡಾಡುವ ದೋಣಿಗಳಿದ್ದವು, ಪ್ರತಿ ದೋಣಿಗೂ ಒಂದು ಹೆಸರಿತ್ತು. ದಿನ ಕಳೆದಂತೆ ಅವಳು ಆ ಹೆಸರುಗಳನ್ನು ಓದತೊಡಗಿದಳು. ಅನ್ನ ಮತ್ತೆ ಗಂಟಲಲ್ಲಿ ನಿಲ್ಲುತ್ತಿತ್ತು. ವಾಮನ ಎದುರಿಗೆ ಕೂತು, ಯಾವ ಅವಸರವೂ ಇಲ್ಲದೆ, ಅವಳು ಉಣ್ಣುವವರೆಗೆ ಮಾತಾಡುತ್ತಿದ್ದ.

ಚಳಿಗಾಲದಲ್ಲಿ ಪಾಚಿ ಕೊಯ್ಯಲು ಹೆಂಗಸರ ಒಂದು ತಂಡ ಕಾಗೆಕಲ್ಲಿನ ಸಾಲುಗಳಿಗೆ ಹೋಗತೊಡಗಿತು. ಈಗ ಅಲ್ಲಿಗೂ ಕೇಳುವಂಥ ರೇಡಿಯೋವನ್ನು ದೋಣಿಗಳಿಗೆ ಕೊಟ್ಟಿದ್ದರು. ಒಂದು ಬೆಳಿಗ್ಗೆ ಹೊಸ ದೋಣಿಯೊಂದು ತನ್ನ ಹೆಸರು ಹೇಳಿತು. ರೇಡಿಯೋ ಹಿಡಿದವಳ ದನಿ ಕೇಳಿದ ಕೂಡಲೇ ವಾರಿಜಾಳಿಗೆ ಗುರುತು ಹತ್ತಿತು. ವಾರಿಜಾ ತನ್ನ ಹೆಸರು ಹೇಳಿ ಉತ್ತರಿಸಿದಳು. ಆ ಕಡೆಯಿಂದ ಎಂಜಿನ್ನಿನ ಸದ್ದಷ್ಟೇ ಕೇಳಿತು. ಆಮೇಲೆ ಬೇಬಿ, ಕೆಲಸ ಶುರು ಮಾಡುತ್ತೇವೆ ಎಂದು ಚುಟುಕಾಗಿ ಹೇಳಿ ನಿಲ್ಲಿಸಿದಳು.

ಆಕಾಶ ತಿಳಿಯಾಗಿಯೇ ಇತ್ತು. ಆದರೆ ಹೊರಕಡಲಿನಲ್ಲಿ ಅಲೆ ಅಳೆಯುವ ತೇಲುಯಂತ್ರ ಒಂದು ಉದ್ದನೆಯ ಅಲೆಯ ಸುದ್ದಿ ಕಳಿಸಿತು. ಇಂಗಿತ ಅದನ್ನು ಕಾಗೆಕಲ್ಲಿನ ಪಕ್ಕದಲ್ಲೇ ತಂದು ಇಟ್ಟಿತು. ವಾರಿಜಾ ಎರಡನ್ನೂ ನೋಡಿದಳು. ದೋಣಿಯಲ್ಲಿದ್ದವರಿಗೆ ಸುತ್ತ ಎಲ್ಲವೂ ಶಾಂತವಾಗಿ ಕಾಣುತ್ತಿರಬೇಕು. ಬೆಳಗಿನ ಕೂಲಿ ಬಿಟ್ಟು ಬಾ ಎಂದು ಹೇಳುವ ಹಕ್ಕು ತನಗೆಲ್ಲಿದೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಗುಂಡಿ ಒತ್ತಿದಳು.

"ಬೇಬಿ, ವಾಪಸ್ ಬನ್ನಿ. ದೊಡ್ಡ ಅಲೆ ಬರ್ತಾ ಉಂಟು. ಕೊಯ್ದದ್ದು ಅಲ್ಲೇ ಬಿಡಿ."

ಹೆಂಗಸರು ತಮ್ಮತಮ್ಮಲ್ಲಿ ವಾದಿಸುವುದು ಅಸ್ಪಷ್ಟವಾಗಿ ಕೇಳುತ್ತಿತ್ತು. ಇಷ್ಟು ತಿಳಿಯಾಗಿದೆಯಲ್ಲ ಎಂದು ಒಬ್ಬಳು ಅನ್ನುತ್ತಿದ್ದಳು. ಅಲ್ಮೇಡಾ ತಮ್ಮ ಕುರ್ಚಿಯಿಂದ ಎದ್ದು ಬಂದು ಹಿಂದೆ ನಿಂತರು. ಚುಕ್ಕೆ ಹಗ್ಗದ ಸಾಲಿನ ಬಳಿ ಇದ್ದಲ್ಲೇ ಇತ್ತು.

ಆಮೇಲೆ ಚುಕ್ಕೆ ತಿರುಗಿತು. ಮೊದಲು ನಿಧಾನವಾಗಿ, ಆಮೇಲೆ ಪೂರ್ತಿ ವೇಗದಲ್ಲಿ ಮೂಡಣಕ್ಕೆ ಹೊರಟಿತು. ಅದು ತಡೆಗೋಡೆ ದಾಟಿ ಬಂದರಿನೊಳಕ್ಕೆ ಬರುವವರೆಗೂ ವಾರಿಜಾ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಗಾಜಿನ ಗೋಡೆಯಾಚೆ, ದೂರದ ಬಂಡೆಗಳ ಮೇಲೆ ಅಷ್ಟರಲ್ಲಿ ಬಿಳಿಯ ನೊರೆ ಎದ್ದಿತ್ತು.